ಹನ್ನೆರಡು ಮೀಟರಿನ ಆಚೆ

೨೦೯೧ರ ಮಾರ್ಚ್ ೧೪, ಬೆಳಿಗ್ಗೆ ೬ ಗಂಟೆ ೧೦ ನಿಮಿಷ. ಭೂಮಿಯ ಸೆಳೆತ ಕುಗ್ಗಿದಾಗಿನಿಂದ ಚಳ್ಳಕೆರೆಯಲ್ಲಿ ಎಲ್ಲರೂ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಹೊಸಿಲು ದಾಟುತ್ತಿದ್ದರು. ಹಗ್ಗ ಎಷ್ಟು ಉದ್ದವಿರಬೇಕೆಂದು ಹದಿನೆಂಟು ತುಂಬಿದ ದಿನ ತಾವೇ ಹೇಳುವುದು ಪದ್ಧತಿ. ಮೋಡದೊಳಗೆ ಹೋಗಿಬರುವ ಆಸೆಯಿದ್ದ ನಾಗವೇಣಿ ಅಂದು ಹೆದರಿ, ಹನ್ನೆರಡು ಮೀಟರ್ ಎಂದಿದ್ದಳು.

ಈಗ ಚಿಕ್ಕಮ್ಮ ತಿಪ್ಪಕ್ಕ ಆ ಹಗ್ಗದ ತುದಿಗೆ ನಾನೂರು ಮೀಟರಿನ ಹೊಸ ಹಗ್ಗ ಸೇರಿಸಿ ಗಂಟು ಬಿಗಿದಳು.

"ಗಂಟು ಬಿಚ್ಕೊಂಡ್ರೆ, ಚಿಕ್ಕಮ್ಮ?"

"ನಿನ್ ಪಾಲಿನ ಮುದ್ದೇನೂ ನಾನೇ ಉಣ್ತೀನಿ. ಭಯ ಆದ್ರೆ ಹಗ್ಗ ಜಗ್ಗವ್ವ, ಇಳಿಸ್ತೀನಿ."

ನಾಗವೇಣಿ ನೆಲವನ್ನು ಒದ್ದು ಮೇಲೇರಿದಳು. ಹೆಂಚು, ಬೇವಿನ ತುದಿ ಕೆಳಗೆ ಉಳಿದವು. ಇಷ್ಟು ವರ್ಷ ಹನ್ನೆರಡನೇ ಮೀಟರಿನಲ್ಲಿ ಸೊಂಟವನ್ನು ಹಿಡಿದು ನಿಲ್ಲಿಸುತ್ತಿದ್ದ ಎಳೆತಕ್ಕಾಗಿ ಕಣ್ಣು ಮುಚ್ಚಿ ಕಾದಳು. ಅದು ಬರಲೇ ಇಲ್ಲ. ಗಂಟು ಬಿಚ್ಚಿಹೋಯಿತೆಂದುಕೊಂಡಳು. ಹಗ್ಗ ಹಿಡಿದಾಗ, ಕೆಳಗಿನಿಂದ ಚಿಕ್ಕಮ್ಮ ಮೆಲ್ಲಗೆ ಜಗ್ಗಿದ್ದು ಬೆರಳಿಗೆ ತಿಳಿಯಿತು. ಗಂಟು ಹಿಡಿದಿತ್ತು.

ಭಯ ಮಾತ್ರ ಹೋಗಲಿಲ್ಲ. ಆದರೂ ಅವಳು ಹಗ್ಗ ಜಗ್ಗದೆ ಕೈ ಸಡಿಲಿಸಿ, ಮಣಿಕಟ್ಟಿನ ಮಾಪಕ ನೋಡಿದಳು. ಎತ್ತರ ಹದಿನಾಲ್ಕೂವರೆ ಮೀಟರ್.