ಕೆಳಮುಖದ ಬಾಣ

ಕಡಲ ದೈವ ಬೊಬ್ಬರ್ಯನ ಗುಡಿಯ ಎದುರು ತಾಸೆ ವಾದ್ಯದ ಪೆಟ್ಟು ಜೋರಾದಾಗ ಶರ್ಮಿಳಾ ಫೋನ್ ನೋಡಿದಳು. ತೊಂಬತ್ತೆರಡು. ಪಕ್ಕದಲ್ಲಿ ಬಾಣ ನೆಟ್ಟಗೆ ಕೆಳಕ್ಕೆ.

ಕೆಂಪು ರೇಷ್ಮೆ ಪಟ್ಟೆ ಉಟ್ಟು, ಕತ್ತಿ ಹಿಡಿದು ಗುಡಿಯ ಮುಂದೆ ನಿಂತಿದ್ದವರು ಅವಳ ತಂದೆ ದೇಜಪ್ಪ. ಕಾಪುವಿನ ಈ ಕಡಲಬದಿಯಲ್ಲಿ ಮೂವತ್ತು ವರ್ಷಗಳಿಂದ ದೈವ ಮೈಮೇಲೆ ಬರುವ ಪಾತ್ರಿ. ಮಧ್ಯಾಹ್ನದ ತಂಬಿಲ ಪೂಜೆಗೆಂದು ಹಿಂದಿನ ದಿನದಿಂದ ನೀರು ಸಹ ಮುಟ್ಟಿರಲಿಲ್ಲ. ಬೆಳಗಿನ ಇನ್ಸುಲಿನ್ ಮಾತ್ರ ಎಂದಿನಷ್ಟೇ ಚುಚ್ಚಿಕೊಂಡಿದ್ದರು; ಅದು ತಿಳಿದಾಗ ಶರ್ಮಿಳಾಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ತೋಳಿಗೆ ಅಂಟಿಸಿದ ಸೆನ್ಸರ್ ಐದೈದು ನಿಮಿಷಕ್ಕೊಮ್ಮೆ ಅವರ ಮೈಯ ಸಕ್ಕರೆಯನ್ನು ಅವಳ ಫೋನಿನಲ್ಲಿ ತೋರಿಸುತ್ತಿತ್ತು. ಅಂಕಿ ಚೆನ್ನಾಗಿದೆಯೆಂದು ಸುಮ್ಮನಿರಬೇಡಿ, ಬಾಣ ಎತ್ತ ತಿರುಗಿದೆ ನೋಡಿ ಎಂದು ಮಣಿಪಾಲದ ಡಾಕ್ಟರು ಬೆರಳಿಟ್ಟು ತೋರಿಸಿದ್ದರು.

ಎಪ್ಪತ್ತಾರು. ಆಮೇಲೆ ಐವತ್ತೊಂಬತ್ತು. ಬಾಣ ಈಗ ಎರಡಾಗಿತ್ತು; ಇಳಿತ ಇನ್ನೂ ಜೋರು.

ದೇಜಪ್ಪರ ಮೈ ನಡುಗತೊಡಗಿತು. ಹಣೆಯಿಂದ ಬೆವರು ಧಾರೆಯಾಗಿ ಇಳಿಯಿತು. "ಬಂತು, ಬಂತು!" ಎಂದು ಎಲ್ಲರೂ ಕೈಮುಗಿದರು. ಎಲ್ಲರಿಗಿಂತ ಮುಂದೆ ಮೀನು ಮಾರುವ ಸರಸ ನಿಂತಿದ್ದಳು. ಅವಳ ಗಂಡ ಎರಡು ವರ್ಷದ ಹಿಂದೆ ಕಡಲಿಗೆ ಹೋದವನು ಮರಳಿರಲಿಲ್ಲ. 'ಬರುತ್ತಾನೆ, ಕಾದಿರು' ಎಂದು ಹೋದ ವರ್ಷ ಇದೇ ಅಂಗಳದಲ್ಲಿ ದೇಜಪ್ಪರ ಬಾಯಿಂದ ದೈವದ ನುಡಿಯಾಗಿತ್ತು. ಅದೊಂದನ್ನೇ ನಂಬಿ ಅವಳು ಬದುಕಿದ್ದಳು.

ಚಿಕ್ಕಂದಿನಿಂದ ಅಪ್ಪನ ಮೈಮೇಲೆ ದೈವ ಬರುವ ದರ್ಶನ ನೋಡಿದವಳು ಶರ್ಮಿಳಾ. ದೈವ ಬಂದಾಗ ಕತ್ತಿಯನ್ನು ಹಿಡಿದ ಕೈ ಸಡಿಲವಾದದ್ದಿಲ್ಲ. ಇಂದು ಕತ್ತಿ ಜಾರುತ್ತಿತ್ತು, ತುಟಿ ಬಿಳಿಚಿಕೊಂಡಿತ್ತು. ಅವಳು ಹೆಂಗಸರ ಸಾಲು ದಾಟಿ ಊರಿನ ಮುಖ್ಯಸ್ಥ ಗುರಿಕಾರ ಅಣ್ಣುವಿನ ಬಳಿ ಓಡಿದಳು.

"ಅಣ್ಣು ಮಾವ, ತಾಸೆ ನಿಲ್ಲಿಸಿ. ಬೆಲ್ಲ ಕೊಡಬೇಕು."

"ಎಂತ ಮಾತಾಡ್ತಿ ಮಗಳೇ? ಮೈಮೇಲೆ ದೈವ ಉಂಟು. ಈಗ ಹತ್ತಿರ ಹೋಗ್ಲಿಕ್ಕುಂಟಾ?"

"ದೈವ ಅಲ್ಲ ಮಾವ, ಸಕ್ಕರೆ ಇಳಿದದ್ದು. ಈ ಫೋನಿನಲ್ಲಿ ಕಾಣುವುದಕ್ಕಿಂತ ರಕ್ತದಲ್ಲಿ ಇನ್ನೂ ಕೆಳಗೆ ಹೋಗಿರ್ತದೆ. ನಾನು ಹೇಳಿದ್ದು ತಪ್ಪಾದರೆ ದೈವ ನನ್ನನ್ನು ಕೇಳಲಿ."

ಅಣ್ಣು ಫೋನನ್ನೂ ದೇಜಪ್ಪರ ಮುಖವನ್ನೂ ನೋಡಿದರು. ಕೈ ಎತ್ತಿದರು. ತಾಸೆ ನಿಂತಿತು. ನೈವೇದ್ಯಕ್ಕಿಟ್ಟ ಸೀಯಾಳವನ್ನು ತಾವೇ ಕೆತ್ತಿ, ಬೆಲ್ಲ ಕದಡಿ, ದೇಜಪ್ಪರನ್ನು ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದರು. ನಡುಕ ನಿಧಾನಕ್ಕೆ ಇಳಿಯಿತು. ಈ ಸಲ ನುಡಿ ಇಲ್ಲ, ದೀಪ ಇಟ್ಟು ಮುಗಿಸುವುದು ಎಂದು ಅಣ್ಣು ಹೇಳಿದಾಗ ಯಾರೂ ಎದುರಾಡಲಿಲ್ಲ. ಪ್ರಸಾದ ತೆಗೆದುಕೊಂಡು ಒಬ್ಬೊಬ್ಬರೇ ಹೊರಟರು.

ದೇಜಪ್ಪ ಗುಡಿಯ ಮೆಟ್ಟಿಲಲ್ಲಿ ಕುಳಿತು ಮಗಳ ಫೋನಿನ ಗೆರೆಯನ್ನು ಬಹಳ ಹೊತ್ತು ನೋಡಿದರು. ಗುಡ್ಡದಿಂದ ಜಾರಿದ ಹಾಗೆ ಇಳಿದಿದ್ದ ಗೆರೆ ಈಗ ಮೇಲೆ ತಿರುಗಿತ್ತು.

"ಹೋದ ವರ್ಷದ ತಂಬಿಲದ ದಿನದ್ದು ಇದರಲ್ಲಿ ಸಿಗ್ತದಾ?"

"ಇಲ್ಲ ಅಪ್ಪ. ಸೆನ್ಸರ್ ಹಾಕಿಸಿ ಒಂಬತ್ತು ದಿನ ಆಯಿತಷ್ಟೆ. ಯಾಕೆ?"

"ಆಗಲೂ ಉಪವಾಸ ಇದ್ದೆ. ಇಂಜೆಕ್ಷನ್ ಚುಚ್ಚಿಕೊಂಡಿದ್ದೆ. ಹೀಗೆಯೇ ಬೆವತಿದ್ದೆ. ಆಮೇಲಿನದ್ದು ನೆನಪಿಲ್ಲ."

ಅಷ್ಟರಲ್ಲಿ ಸರಸ ಹತ್ತಿರ ಬಂದಳು. ಎಲ್ಲರೂ ಹೋಗಲಿ ಎಂದೇ ಅವಳು ಕಾದಿದ್ದಳು.

"ಈ ವರ್ಷ ನುಡಿ ಆಗಲಿಲ್ಲ. ಅಂದರೆ ಹೋದ ವರ್ಷದ್ದೇ ಇರ್ತದೆ, ಅಲ್ವಾ ದೇಜಪ್ಪಣ್ಣ? ಅವರು ಬರ್ತಾರೆ, ಅಲ್ವಾ?"

ದೇಜಪ್ಪ ಕಷ್ಟದಿಂದ ಎದ್ದು ನಿಂತರು. ಮೂವತ್ತು ವರ್ಷ ಊರಿನವರೆಲ್ಲ ಅವರಿಗೆ ಕೈಮುಗಿದಿದ್ದರು. ಈಗ ಅವರು ಸರಸಳಿಗೆ ಕೈಮುಗಿದರು.

"ಆ ದಿನ ಮಾತಾಡಿದ್ದು ಯಾರು ಅಂತ ನನಗೇ ಗೊತ್ತಿಲ್ಲ ತಂಗಿ."