ಉತ್ತರ ಬೇಕಿದ್ದ ಹಾಡು

ಲವಂಗದ ವಾಸನೆ ಬಂದರೆ ಈಗಲೂ ಗಲ್ಫಿನಲ್ಲಿ ನಾವಿದ್ದ ಮದೀನತ್ ಖಲೀಫಾ ಬಡಾವಣೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಪಕ್ಕದ ಮನೆಯ ರಾಶೆಲ್ ಆಂಟಿ ಫ್ರೆಂಚ್ ಟೀಚರ್, ಯಹೂದಿ. ಅಂದು ಅವರಿಗೆ ಸೂರ್ಯ ಮುಳುಗುವವರೆಗೆ ಉಪವಾಸವಿರುವ ದೊಡ್ಡ ಹಬ್ಬ. ಅದು ಗೊತ್ತಿಲ್ಲದೆ ಅಮ್ಮ ನನ್ನನ್ನು ಕರೆದುಕೊಂಡು ಪಾಯಸ ಕೊಡಲು ಹೋದಳು. ಆಂಟಿ ಒಬ್ಬರೇ ಕೂತು ಪುಸ್ತಕ ನೋಡಿ ಪ್ರಾರ್ಥನೆಯ ಹಾಡು ಹೇಳುತ್ತಿದ್ದರು. ಹಸಿವು ಮರೆಯಲು ಲವಂಗ ಚುಚ್ಚಿದ ನಿಂಬೆಹಣ್ಣನ್ನು ಆಗಾಗ ಮೂಸುತ್ತಿದ್ದರು. ಪ್ರತಿ ನುಡಿ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು.

“ಯಾಕೆ ನಿಲ್ಲಿಸ್ತೀರಿ?” ಅಮ್ಮ ಇಂಗ್ಲಿಷಿನಲ್ಲಿ ಕೇಳಿದಳು.

“ಇಲ್ಲಿ ಎಲ್ಲರೂ ಸೇರಿ ಉತ್ತರ ಹಾಡಬೇಕು. ನಾನೊಬ್ಬಳೇ ಅಲ್ವಾ.”

ಅಮ್ಮ ಉಡುಪಿಯ ಚರ್ಚಿನ ಕಾಯರ್ ತಂಡದಲ್ಲಿ ಹಾಡುತ್ತಿದ್ದವಳು. ಆ ವರ್ಷ ಅವಳ ಅಮ್ಮ, ನನ್ನ ಅಜ್ಜಿ, ತೀರಿಕೊಂಡಾಗ ಆಫೀಸಿನಲ್ಲಿ ರಜೆ ಸಿಗದೆ ಊರಿಗೆ ಹೋಗಲಾಗಲಿಲ್ಲ. ಆಮೇಲೆ ಅವಳು ಹಾಡಿರಲೇ ಇಲ್ಲ.

“ನನಗೆ ಹೇಳಿಕೊಡಿ. ಅರ್ಥ ಏನು?”

“ತಡವಾಗಿ ಬಂದವರನ್ನೂ ಒಳಗೆ ಸೇರಿಸಿಕೋ ಅಂತ.”

ಆಂಟಿ ಹಾಡಿದರು, ಅಮ್ಮ ಉತ್ತರಿಸಿದಳು. ಮೂರನೇ ಸಲ ಅವಳು ಅರ್ಧಕ್ಕೇ ನಿಲ್ಲಿಸಿ ಕಣ್ಣೊರೆಸಿಕೊಂಡಳು. ಆಂಟಿ ಪುಸ್ತಕ ಮಡಚಲಿಲ್ಲ. “ನಿಧಾನ, ಸೂರ್ಯ ಮುಳುಗಲು ಇನ್ನೂ ಹೊತ್ತಿದೆ,” ಎಂದು ಕಾದರು.

ಮನೆಗೆ ಬಂದ ಕೂಡಲೇ ಅಮ್ಮ ಊರಿಗೆ ಫೋನ್ ಮಾಡಿದಳು. “ಅಣ್ಣಾ, ಅಮ್ಮ ಕೊನೆಗೆ ಎಂತ ಹೇಳಿದ್ರು?” ಎಂದು ಮೊದಲ ಸಲ ಕೇಳಿದಳು.