ನೋಟಿಸು ಬೇಕಿಲ್ಲ

ಕಾನೂನು ಪತ್ರಿಕೆಗೆ ಲೇಖನ ಕಳಿಸಿದರೆ, ಅದರಲ್ಲಿ ಬೇಕೆಂದು ಕೇಳಿದ ಕಾನೂನು ಆ ಕ್ಷಣದಿಂದಲೇ ಬರೆದವನ ಮೇಲೆ ಜಾರಿ. ಇದು ಎಲ್ಲರಿಗೂ ಗೊತ್ತು. ಆದರೂ ನನ್ನ ಬಾಡಿಗೆದಾರ, ಲಾ ಕಾಲೇಜಿನ ಮಾಸ್ತರ ಶಂಕ್ರೆಪ್ಪ, ಬಾಡಿಗೆದಾರರನ್ನು ನೋಟಿಸಿಲ್ಲದೆ ಹೊರಹಾಕಬೇಕೆಂದು ಬರೆದಿದ್ದ. ಸಂಪಾದಕರಿಗೆ ಅಂಥದ್ದೇ ಹಿಡಿಸುತ್ತದಂತೆ, ಲೇಖನ ಅಚ್ಚಾದರೆ ಸಿಗುವ ಬಡ್ತಿ ಅವನಿಗೆ ಬೇಕಿತ್ತು.

“ಕಳಿಸೋ ಗುಂಡಿ ಒತ್ರಿ ಸರ, ಯಾಕ ತಡಾ ಮಾಡ್ತೀರಿ?” ಎಂದೆ. ಅವನನ್ನು ಮನೆಯಿಂದ ಎಬ್ಬಿಸಲು ವರ್ಷಗಟ್ಟಲೆ ಕೋರ್ಟಿಗೆ ಅಲೆದವಳು ನಾನು.

“ಅಕ್ಕಾರ, ಎಂಟ್ ದಿನಾ ತಡೀರಿ. ನಮ್ಮ ಮನಿ ಹುಡುಗೂರ ಪರೀಕ್ಷಾ ಅದಾವ.”

“ನಿಮ್ಮ ಲೇಖನದಾಗ ಹುಡುಗೂರು ಎಲ್ಲಿ ಅದಾರ?”

ಅವನು ಗುಂಡಿ ಒತ್ತಿದ. ಲೇಖನ ತಲುಪಿತೆಂದು ಉತ್ತರ ಬಂತು. ಅಡಿಗೆಮನೆಯಲ್ಲಿ ಅವನ ಹೆಂಡತಿ ಇಟ್ಟ ಅನ್ನ ಇನ್ನೂ ಕುದಿಯುತ್ತಿತ್ತು. ನಾನು ಒಲೆ ಆರಿಸಿ, ಆ ಪಾತ್ರೆಯನ್ನು ಬೀದಿಯಲ್ಲಿಟ್ಟು ಬಂದೆ.